ಮೂರು ಚಕ್ರದ ಸ್ಟ್ರಾಲರ್: ಅಂಗಡಿಗೆ ಹೋಗುವ ಮುಂಚೆ ಟೇಪ್ ಹಿಡಿಯಿರಿ

"ಮೂರು ಚಕ್ರದ್ದು ತಗೊಳ್ಳೋದಾ, ನಾಲ್ಕು ಚಕ್ರದ್ದಾ?" ಮನೆಗೆ ಮಗು ಬಂದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಯಾವ ಕಂಪನಿದು ಒಳ್ಳೇದು?" ಇದಕ್ಕೆ ನಾನು ಕಂಪನಿ ಹೆಸರು ಹೇಳುವುದಿಲ್ಲ. ಕಬ್ಬನ್ ಪಾರ್ಕಿನ ರಸ್ತೆಯಲ್ಲಿ ಒಂದೇ ಕೈಯಲ್ಲಿ ಹಗುರವಾಗಿ ಹೋಗುವ ಗಾಡಿಯೇ, ಲಿಫ್ಟ್ ಇಲ್ಲದ ಮೂರನೇ ಮಹಡಿಯ ಮನೆಯಲ್ಲಿ ಬಾಲ್ಕನಿ ಸೇರಿ ಧೂಳು ಹಿಡಿಯುತ್ತದೆ. ಗಾಡಿಯಲ್ಲಿ ದೋಷ ಇರುವುದಿಲ್ಲ. ಆ ಮನೆಗೆ ಅದು ಹೊಂದುವುದಿಲ್ಲ, ಅಷ್ಟೇ. ನಿಮ್ಮ ಬಾಗಿಲಿಂದ ಪಾರ್ಕಿನ ಗೇಟಿನವರೆಗಿನ ದಾರಿ ಹೇಗಿದೆಯೋ, ಗಾಡಿಯೂ ಅದಕ್ಕೆ ತಕ್ಕಂತೆ ಇರಬೇಕು. ಅದನ್ನು ಹೇಗೆ ನೋಡಿಕೊಳ್ಳುವುದು ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ನಮ್ಮ ಅಂಗಡಿಗಳಲ್ಲಿ ಪ್ರ್ಯಾಮ್, ಸ್ಟ್ರಾಲರ್ ಎರಡನ್ನೂ ಒಂದೇ ಅರ್ಥದಲ್ಲಿ ಹೇಳುತ್ತಾರೆ. ಸರಿಯಾಗಿ ಹೇಳಬೇಕೆಂದರೆ, ಎಳೆ ಮಗು ಮಟ್ಟಸವಾಗಿ ಮಲಗುವ ತೊಟ್ಟಿಲಿನಂಥ ಗಾಡಿ ಪ್ರ್ಯಾಮ್. ಕೂರುವ ಸೀಟು ಇರುವುದು ಸ್ಟ್ರಾಲರ್. ಮೂರು ಚಕ್ರದ ಸ್ಟ್ರಾಲರ್‌ನಲ್ಲಿ ಹಿಂದೆ ಎರಡು ದೊಡ್ಡ ಚಕ್ರ, ಮುಂದೆ ನಡುವಿನಲ್ಲಿ ಒಂದೇ ಚಕ್ರ. ಆನ್‌ಲೈನಿನಲ್ಲಿ ಹುಡುಕಿದರೆ ಇದರ ಜೊತೆಗೆ ಹಿಂದೆ ಉದ್ದ ಹಿಡಿ ಇರುವ ಟ್ರೈಸಿಕಲ್‌ಗಳೂ ಬರುತ್ತವೆ. ಅದು ಬೇರೆಯೇ ಸಾಮಾನು. ಚೆನ್ನಾಗಿ ಕೂರಲು ಬರುವ, ವರ್ಷ ದಾಟಿದ ಮಗುವಿಗೆ ಅದು ಆಟಿಕೆ. ಐದು ತಿಂಗಳ ಕೂಸನ್ನು ಅದರಲ್ಲಿ ಕೂರಿಸುವಂತಿಲ್ಲ. ಬೆಲೆ ಕಡಿಮೆ ಅಂತ ಅದನ್ನೇ ತರಿಸಿಕೊಂಡು ವಾಪಸ್ ಕಳಿಸಲು ಒದ್ದಾಡುವವರು ಜಾಸ್ತಿ. ಚಿತ್ರದಲ್ಲಿ ಪೆಡಲ್ ಕಂಡರೆ ಅಲ್ಲಿಗೇ ಬಿಟ್ಟುಬಿಡಿ.

ಮೂರು ಚಕ್ರ ಯಾರಿಗೆ?

ಹಳ್ಳಿಯ ಮೂರು ಕಲ್ಲಿನ ಒಲೆ ನೋಡಿದ್ದೀರಲ್ವಾ? ನೆಲ ಎಷ್ಟೇ ಏರುಪೇರಾಗಿದ್ದರೂ ಮೂರು ಕಲ್ಲಿನ ಮೇಲೆ ಇಟ್ಟ ಪಾತ್ರೆ ಕುಲುಕುವುದಿಲ್ಲ. ನಾಲ್ಕು ಕಾಲಿನ ಕುರ್ಚಿ ಅದೇ ನೆಲದಲ್ಲಿ ಟಕಟಕ ಅನ್ನುತ್ತದೆ. ಮೂರು ಚಕ್ರದ ಗಾಡಿಯ ಗುಣವೂ ಇದೇ. ಹಳ್ಳದಿಣ್ಣೆಯ ದಾರಿಯಲ್ಲಿ ಮೂರೂ ಚಕ್ರ ನೆಲ ಮುಟ್ಟಿಕೊಂಡೇ ಇರುತ್ತವೆ. ಚಕ್ರ ದೊಡ್ಡದಾದ್ದರಿಂದ ಚಪ್ಪಡಿಗಳ ನಡುವಿನ ಸಂದಿಗೆ ಸಿಕ್ಕಿಕೊಳ್ಳುವುದಿಲ್ಲ. ಮುಂದಿನ ಒಂದೇ ಚಕ್ರ ಎಲ್ಲ ಕಡೆ ತಿರುಗುವಂಥದ್ದಾದರೆ ನಿಂತಲ್ಲೇ ತಿರುಗಿಸಬಹುದು.

ಆದರೆ ಇನ್ನೊಂದು ಮೂರು ಚಕ್ರದ ಗಾಡಿ ನಮಗೆ ದಿನಾ ಕಾಣುತ್ತದೆ, ಆಟೋ. ವೇಗವಾಗಿ ತಿರುಗಿಸಿದರೆ ಅದು ಹೇಗೆ ವಾಲುತ್ತದೆ ಅಂತ ಗೊತ್ತಲ್ವಾ. ಸ್ಟ್ರಾಲರ್‌ಗೂ ಅದೇ ಅಪಾಯ. ಮುಂದಿನ ಎರಡು ಮೂಲೆಯಲ್ಲಿ ಆಸರೆ ಇರುವುದಿಲ್ಲ. ಫುಟ್‌ಪಾತಿನಿಂದ ಓರೆಯಾಗಿ ಇಳಿಸಿದರೆ ಗಾಡಿ ಮುಂದಕ್ಕೂ ಪಕ್ಕಕ್ಕೂ ಒಟ್ಟಿಗೇ ಮಗುಚುತ್ತದೆ.

ಈ ಗಾಡಿ ಹುಟ್ಟಿದ್ದು ಓಡುವವರಿಗಾಗಿ. 1984ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಊರಿನಲ್ಲಿ ಓಟದ ಅಭ್ಯಾಸ ಇದ್ದ ಒಬ್ಬ ತಂದೆ ಮಗನನ್ನು ಜೊತೆಗೆ ಕರೆದೊಯ್ಯಲು ಸ್ಟ್ರಾಲರ್‌ಗೆ ಸೈಕಲ್ ಚಕ್ರ ಜೋಡಿಸಿದರು. ಜಾಗಿಂಗ್ ಸ್ಟ್ರಾಲರ್ ಎಂಬ ಜಾತಿ ಶುರುವಾಗಿದ್ದು ಅಲ್ಲಿಂದ. ಇವತ್ತು ನಮ್ಮಲ್ಲಿ ಇದನ್ನು ಕೊಳ್ಳುವ ಹೆಚ್ಚಿನವರು ಓಡುವುದಿಲ್ಲ, ಕೆಟ್ಟ ದಾರಿಗೆ ಅಂತ ಕೊಳ್ಳುತ್ತಾರೆ. ಅದೂ ಸರಿಯಾದ ಕಾರಣವೇ.

ದಿನಾ ಆಟೋ, ಬಸ್ಸು ಹತ್ತಿಳಿಯುವವರಿಗೆ, ಮಾಲ್‌ಗೆ ಮಾತ್ರ ಬೇಕು ಅನ್ನುವವರಿಗೆ, ಮೆಟ್ಟಿಲು ಹತ್ತಿಯೇ ಮನೆ ಸೇರಬೇಕಾದವರಿಗೆ ನಾನು ಮೂರು ಚಕ್ರದ್ದು ಬೇಡ ಅಂತಲೇ ಹೇಳುತ್ತೇನೆ. ಇವು ಸಾಮಾನ್ಯವಾಗಿ 9ರಿಂದ 14 ಕೆ.ಜಿ. ತೂಗುತ್ತವೆ. ಮಗುವಿನ ತೂಕ ಬೇರೆ. ಅಂಥವರಿಗೆ ಆರೇಳು ಕೆ.ಜಿ.ಯ ಹಗುರವಾದ ನಾಲ್ಕು ಚಕ್ರದ್ದೇ ಸಾಕು.

ಬೇಕಾಗುವ ಸಾಮಾನು

ಒಂದು ಅಳತೆ ಟೇಪು. ಐದು ಕೆ.ಜಿ.ಯ ಎರಡು ಅಕ್ಕಿ ಚೀಲ. ಬರೆದುಕೊಳ್ಳಲು ಒಂದು ಚೀಟಿ. ಜೊತೆಗೆ ಮಗುವನ್ನು ಹೆಚ್ಚಾಗಿ ಸುತ್ತಾಡಿಸುವವರು ಯಾರೋ ಅವರು ಅಂಗಡಿಗೆ ಬರಲೇಬೇಕು. ಅಜ್ಜಿಯೇ ದಿನಾ ಪಾರ್ಕಿಗೆ ಕರೆದೊಯ್ಯುವುದಾದರೆ ಅಜ್ಜಿಯನ್ನೇ ಕರೆದುಕೊಂಡು ಹೋಗಿ.

ಹಂತ 1: ಮಗುವಿನ ವಯಸ್ಸು ನೋಡಿ, ಅವಸರ ಬೇಡ

ಸೀಮಂತಕ್ಕೋ ನಾಮಕರಣಕ್ಕೋ ಉಡುಗೊರೆ ಅಂತ ಸ್ಟ್ರಾಲರ್ ತರುವ ರೂಢಿ ಈಗ ಬಂದಿದೆ. ನಮ್ಮಲ್ಲಿ ಬಾಣಂತನ ಮುಗಿಯುವವರೆಗೆ ಮಗು ಹೊರಗೆ ಹೋಗುವುದೇ ಅಪರೂಪ. ಎಷ್ಟೋ ಜನ ಮೂರು, ಐದು ತಿಂಗಳು ತವರಲ್ಲೇ ಇರುತ್ತಾರೆ. ಅಷ್ಟರಲ್ಲಿ ವಾರಂಟಿಯ ಅರ್ಧ ಅವಧಿ ಡಬ್ಬಿಯೊಳಗೇ ಕಳೆದಿರುತ್ತದೆ. ವಾಪಸ್ ಕೊಡುವ ಗಡುವಂತೂ ಮುಗಿದೇ ಹೋಗಿರುತ್ತದೆ.

ಇದಕ್ಕಿಂತ ದೊಡ್ಡ ಕಾರಣ ಮಗುವಿನ ಕತ್ತು. ಕತ್ತು ಗಟ್ಟಿಯಾಗಿ ನಿಲ್ಲದ ಮಗುವನ್ನು ಅರ್ಧ ಒರಗಿದ ಸೀಟಿನಲ್ಲಿ ಕೂರಿಸಿದರೆ ತಲೆ ಮುಂದಕ್ಕೆ ಬಾಗಿ ಗಲ್ಲ ಎದೆಗೆ ತಾಗುತ್ತದೆ. ಉಸಿರಾಟಕ್ಕೆ ತೊಂದರೆ ಆಗುತ್ತದೆ. ಮೂರು ಚಕ್ರದ ಎಷ್ಟೋ ಗಾಡಿಗಳ ಸೀಟು ಪೂರ್ತಿ ಮಟ್ಟಸಕ್ಕೆ ಬರುವುದಿಲ್ಲ. "ಹುಟ್ಟಿದ ದಿನದಿಂದಲೇ ಆಗುತ್ತೆ" ಅಂತ ಅಂಗಡಿಯವರು ಹೇಳಿದರೆ ಸೀಟನ್ನು ಪೂರ್ತಿ ಹಿಂದಕ್ಕೆ ಬಿಡಿಸಿ ನಿಮ್ಮ ಕಣ್ಣಾರೆ ನೋಡಿ. ಹಾಸಿಗೆಯಂತೆ ಮಟ್ಟಸ ಆದರೆ ಮಾತ್ರ ಎಳೆ ಮಗುವಿಗೆ ಸರಿ. ಇಲ್ಲವಾದರೆ ಮಗು ಆಸರೆ ಇಲ್ಲದೆ ಕೂರುವವರೆಗೆ, ಅಂದರೆ ಸುಮಾರು ಆರು ತಿಂಗಳವರೆಗೆ ಕಾಯಿರಿ.

ಮಗುವನ್ನು ಕೂರಿಸಿಕೊಂಡು ಓಡುವುದಕ್ಕೆ ಇನ್ನೂ ಕಟ್ಟುನಿಟ್ಟು ಬೇಕು. ಆರು ತಿಂಗಳಿಗೆ ಮೊದಲು ಬೇಡವೇ ಬೇಡ. ಎಂಟು ತಿಂಗಳು, ಇನ್ನೂ ಹೆಚ್ಚು ಹೇಳುವ ತಯಾರಕರೂ ಇದ್ದಾರೆ. ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಇನ್ನೊಂದು ಮಾತು: ಮೂರು ಚಕ್ರ ಇದ್ದ ಮಾತ್ರಕ್ಕೆ ಅದು ಓಡುವ ಗಾಡಿ ಆಗುವುದಿಲ್ಲ. ನೋಡಲು ಹಾಗಿದ್ದೂ ನಡೆಯಲು ಮಾತ್ರ ಮಾಡಿದ ಗಾಡಿಗಳೇ ಹೆಚ್ಚು. ಓಡಲು ಆಗುತ್ತದೆ ಅಂತ ಕೈಪಿಡಿಯಲ್ಲಿ ಬರೆದಿರಬೇಕು. ಬರೆದಿಲ್ಲ ಅಂದರೆ ಓಡಬೇಡಿ.

ಹಂತ 2: ದಾರಿಯನ್ನು ನಡೆದು ನೋಡಿ, ಅಳತೆ ಬರೆದುಕೊಳ್ಳಿ

ಜನ ಬಿಟ್ಟುಬಿಡುವುದು ಇದನ್ನೇ. ಕಡೆಗೆ ಪಶ್ಚಾತ್ತಾಪ ಪಡುವುದೂ ಇದಕ್ಕೇ.

ಈ ಗಾಡಿಗಳ ಅಗಲ ಹಿಂದಿನ ಎರಡು ಚಕ್ರಗಳ ಹತ್ತಿರ ಇರುತ್ತದೆ. ಹೆಚ್ಚಿನವು 58ರಿಂದ 70 ಸೆಂ.ಮೀ. ಮನೆಯ ಮುಂಬಾಗಿಲು ತೊಂದರೆ ಕೊಡುವುದಿಲ್ಲ. ತೊಂದರೆ ಇರುವುದು ಲಿಫ್ಟಿನಲ್ಲಿ. ಲಿಫ್ಟ್ ಬಾಗಿಲು ಪೂರ್ತಿ ತೆರೆದಾಗ ಎಷ್ಟು ಜಾಗ ಸಿಗುತ್ತದೆ ಅಂತ ಟೇಪ್ ಹಿಡಿದು ನೋಡಿ. ಒಳಗಿನ ಉದ್ದವನ್ನೂ ನೋಡಿ, ಯಾಕೆಂದರೆ ಗಾಡಿಯ ಜೊತೆ ನೀವೂ ನಿಲ್ಲಬೇಕು. ಹಳೆಯ ಕಟ್ಟಡಗಳ ಜಾಲರಿ ಬಾಗಿಲಿನ ಲಿಫ್ಟಾದರೆ ಮಡಚಿದ ಜಾಲರಿಯೇ ಒಂದಷ್ಟು ಜಾಗ ತಿನ್ನುತ್ತದೆ. ನಾವು ಮೊದಲು ಇದ್ದ ಅಪಾರ್ಟ್‌ಮೆಂಟಿನ ಲಿಫ್ಟ್ ಬಾಗಿಲು 60 ಸೆಂ.ಮೀ., ನಾವು ತಂದ ಗಾಡಿ 63. ಆ ಮೂರು ಸೆಂ.ಮೀ.ಗೋಸ್ಕರ ಒಂದು ವರ್ಷ ಪೂರ್ತಿ, ದಿನಕ್ಕೆ ಎರಡು ಸಲ, ಮಗುವನ್ನು ಎತ್ತಿಕೊಂಡು ಹಿಂದಿನ ಚಕ್ರ ಬಿಚ್ಚಿ ಹಾಕಿದ್ದೇವೆ. ನಿಮಗೆ ಹಾಗಾಗುವುದು ಬೇಡ.

ಈಗ ಮನೆಯಿಂದ ಹೊರಟು ಪಾರ್ಕಿನವರೆಗೆ ನಡೆಯಿರಿ. ಬೈಕ್ ಹತ್ತದಿರಲಿ ಅಂತ ಫುಟ್‌ಪಾತಿನ ತುದಿಯಲ್ಲಿ ಕಂಬ ನೆಟ್ಟಿರುತ್ತಾರಲ್ಲ, ಎರಡು ಕಂಬಗಳ ನಡುವಿನ ಅಂತರ ಅಳೆಯಿರಿ. ಪಾರ್ಕಿನ ಗೇಟು ನೋಡಿ. ದನ, ಗಾಡಿ ನುಗ್ಗದ ಹಾಗೆ ಸುತ್ತಿಬಳಸಿ ಹೋಗುವಂತೆ ಕಬ್ಬಿಣದ ಸರಳು ಕಟ್ಟಿದ್ದರೆ ಉದ್ದನೆಯ ಮೂರು ಚಕ್ರದ ಗಾಡಿ ಆ ಮೂಲೆಯಲ್ಲಿ ತಿರುಗುವುದಿಲ್ಲ. ದೊಡ್ಡ ಗೇಟು ಇನ್ನೊಂದು ಕಡೆ ಇರಬಹುದು, ಅದು ಯಾವ ಹೊತ್ತಿಗೆ ತೆಗೆದಿರುತ್ತದೆ ಅಂತ ಕೇಳಿಕೊಳ್ಳಿ. ಬೇಸ್‌ಮೆಂಟ್ ರ್ಯಾಂಪಿನಲ್ಲೇ ಓಡಾಡಬೇಕಾದರೆ ಅದರ ಇಳಿಜಾರು ಎಷ್ಟು ಕಡಿದಾಗಿದೆ ಗಮನಿಸಿ, ಹಂತ 5ರಲ್ಲಿ ಅದು ಬೇಕಾಗುತ್ತದೆ.

ನೆಲದ ಬಗೆಯನ್ನೂ ಬರೆದುಕೊಳ್ಳಿ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಂತೆ ಕಲ್ಲು ಜೋಡಿಸಿದ ನೆಲವಾ? ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳಾ? ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯಂತೆ ಮಣ್ಣಿನ ದಾರಿಯಾ? ಬರೀ ಅಪಾರ್ಟ್‌ಮೆಂಟಿನ ಒಳಗಿನ ಟೈಲ್ಸ್ ನೆಲ ಅಂದರೆ ದೊಡ್ಡ ಗಾಳಿ ಚಕ್ರಕ್ಕೆ ದುಡ್ಡು ಸುರಿಯುವ ಅಗತ್ಯವೇ ಇಲ್ಲ.

ಕೊನೆಗೆ ಕಾರಿನ ಡಿಕ್ಕಿ. ಉದ್ದ, ಅಗಲ, ಎತ್ತರ ಮೂರೂ ಬೇಕು. ಸಿ.ಎನ್.ಜಿ. ಸಿಲಿಂಡರ್ ಇರುವ ಕಾರಾದರೆ ಉಳಿದ ಜಾಗ ಮಾತ್ರ ಅಳೆಯಿರಿ. ಕಾರಿನ ಕೈಪಿಡಿಯಲ್ಲಿ ಲೀಟರ್ ಲೆಕ್ಕದಲ್ಲಿ ಬರೆದಿರುವುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಗಾಡಿಗೆ ಬೇಕಾಗಿರುವುದು ಸೆಂಟಿಮೀಟರ್.

ಹಂತ 3: ಟಯರ್ ಆರಿಸಿ

ಮೂರು ಬಗೆ ಇವೆ.

ಗಾಳಿ ತುಂಬುವ ಟಯರ್: ಸೈಕಲಿನಂತೆ ಒಳಗೆ ಟ್ಯೂಬ್ ಇರುತ್ತದೆ. ಕುಲುಕಾಟ ಕಡಿಮೆ ಮಾಡುವುದರಲ್ಲಿ ಇದಕ್ಕೆ ಸಮ ಇಲ್ಲ. ಪಂಕ್ಚರ್ ಆಗುವುದೇ ಇದರ ಕಷ್ಟ.

ಫೋಮ್ ಟಯರ್: ಒಳಗೆ ಟ್ಯೂಬ್ ಬದಲು ಫೋಮ್, ಹೊರಗೆ ರಬ್ಬರ್. ಸ್ವಲ್ಪ ಗಟ್ಟಿ, ಸ್ವಲ್ಪ ಭಾರ. ಪಂಕ್ಚರ್ ಚಿಂತೆ ಇಲ್ಲ.

ಇ.ವಿ.ಎ. ಟಯರ್: ಹವಾಯಿ ಚಪ್ಪಲಿಯಂಥ ಹಗುರ ವಸ್ತು. ಟೈಲ್ಸ್‌ಗೂ ಒಳ್ಳೆಯ ಡಾಂಬರಿಗೂ ಸಾಕು. ಜಲ್ಲಿಕಲ್ಲಿನ ದಾರಿಯಲ್ಲಿ ಬೇಗ ಕಿತ್ತುಬರುತ್ತದೆ.

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವರು ಗಾಳಿ ಟಯರ್ ತೆಗೆದುಕೊಳ್ಳುವ ಮುಂಚೆ ಎರಡು ಸಲ ಯೋಚಿಸಿ. ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿಯನ್ನೇ ದಾಟಿ ಬರುತ್ತದೆ, ಇನ್ನು ತೆಳು ಟ್ಯೂಬಿನ ಮಾತೇನು. ಅಲ್ಲಿ ಫೋಮ್ ಟಯರೇ ಸರಿ. ಬೆಂಗಳೂರು, ಮೈಸೂರಿನ ಮುರುಕು ಫುಟ್‌ಪಾತಿಗೆ, ಮಲೆನಾಡಿನ ಜಲ್ಲಿ ದಾರಿಗೆ ನನ್ನ ಆಯ್ಕೆ ಗಾಳಿ ಟಯರ್.

ಗಾಳಿ ಟಯರ್ ಕೊಳ್ಳುವವರು ಟಯರಿನ ಪಕ್ಕದಲ್ಲಿ ಅಚ್ಚಾದ ಅಂಕಿಯನ್ನು ಕೂತು ಓದಿ. 62-203 ಅಂತಲೋ, 12½ × 2¼ ಅಂತಲೋ ಇದ್ದರೆ ಅದು 12 ಇಂಚಿನ ಮಕ್ಕಳ ಸೈಕಲ್‌ನ ಅಳತೆಯೇ. ಟ್ಯೂಬು ಹಾಳಾದರೆ ಊರಿನ ಸೈಕಲ್ ಅಂಗಡಿಯಲ್ಲೇ ಸಿಗುತ್ತದೆ. ಕಂಪನಿಯವರಿಗೆ ಬರೆದು ತಿಂಗಳುಗಟ್ಟಲೆ ಕಾಯಬೇಕಿಲ್ಲ. ಹಿಂದಿನ ಚಕ್ರ 16 ಇಂಚಿನದಾದರೆ 16 × 1.75 ಅಂತ ಇರಬಹುದು, ಅದೂ ಸಿಗುವ ಅಳತೆಯೇ. ವಿಚಿತ್ರ ಅಳತೆ ಇದ್ದರೆ ಎರಡು ಟ್ಯೂಬ್ ಜೊತೆಗೇ ಕೊಡಿ ಅಂತ ಕೇಳಿ. ಅಮೆರಿಕದಿಂದಲೋ ದುಬೈನಿಂದಲೋ ಅಣ್ಣ, ಅಕ್ಕ ಗಾಡಿ ತರುತ್ತಿದ್ದರೆ ಟ್ಯೂಬನ್ನೂ ತರಲು ಈಗಲೇ ಹೇಳಿಬಿಡಿ. ಗಾಡಿ ವಿಮಾನದಲ್ಲಿ ಬಂದುಬಿಡುತ್ತದೆ, ಬಿಡಿಭಾಗ ಬರುವುದು ಕಷ್ಟ.

ವಾಲ್ವ್, ಅಂದರೆ ಗಾಳಿ ತುಂಬುವ ಮೂತಿ, ಹೇಗಿದೆ ಅಂತಲೂ ನೋಡಿ. ಸ್ಕೂಟರ್ ಟಯರಿನ ವಾಲ್ವ್‌ನಂತೆ ಇದ್ದರೆ ಮನೆಯಲ್ಲಿರುವ ಕಾಲು ಪಂಪಿನಲ್ಲೇ ಆಗುತ್ತದೆ. ಇಲ್ಲೊಂದು ಎಚ್ಚರಿಕೆ ಇದೆ. ಪೆಟ್ರೋಲ್ ಬಂಕಿನ ಗಾಳಿ ಯಂತ್ರದಲ್ಲಿ ಈ ಟಯರ್ ತುಂಬಿಸಬೇಡಿ. ಅದರ ವೇಗಕ್ಕೆ ಚಿಕ್ಕ ಟ್ಯೂಬು ಕ್ಷಣದಲ್ಲಿ ಒಡೆಯುತ್ತದೆ. ಎಷ್ಟು ಗಾಳಿ ಹಿಡಿಯುತ್ತದೆ ಅಂತ ಟಯರಿನ ಮೇಲೇ ಪಿ.ಎಸ್.ಐ. ಲೆಕ್ಕದಲ್ಲಿ ಬರೆದಿರುತ್ತದೆ. ಅದು ಒತ್ತಡದ ಅಳತೆ. ಬರೆದ ಅಂಕಿಯನ್ನು ದಾಟಬೇಡಿ.

ಹಂತ 4: ಮುಂದಿನ ಚಕ್ರ

ಎರಡು ವಿಧ. ಒಂದು ನೇರಕ್ಕೆ ಮಾತ್ರ ಓಡುವ ಚಕ್ರ. ತಿರುಗಿಸಬೇಕಾದರೆ ಹಿಡಿ ಒತ್ತಿ ಮುಂಭಾಗ ಎತ್ತಿ ತಿರುಗಿಸಬೇಕು. ಓಟಗಾರರಿಗೆ ಸರಿ, ತರಕಾರಿ ತರಲು ಹೋಗುವವರಿಗೆ ಕೈ ನೋವು. ಇನ್ನೊಂದು ಎಲ್ಲ ಕಡೆ ತಿರುಗುವ ಚಕ್ರ, ಬೇಕಾದಾಗ ನೇರಕ್ಕೆ ಲಾಕ್ ಮಾಡಬಹುದು. ನಮ್ಮ ಬಳಕೆಗೆ ಎರಡನೆಯದೇ ಬೇಕು. ನಡೆಯುವಾಗ ಲಾಕ್ ಬಿಡಿಸಿ. ಮಣ್ಣು, ಜಲ್ಲಿ, ಇಳಿಜಾರು ಬಂದಾಗ ಲಾಕ್ ಹಾಕಿ. ಓಡುವಾಗ ಲಾಕ್ ಇರಲೇಬೇಕು. ಲಾಕ್ ಇಲ್ಲದ ಚಕ್ರ ವೇಗದಲ್ಲಿ ಗಡಗಡ ನಡುಗಿ ಸಣ್ಣ ಕಲ್ಲು ಸಿಕ್ಕರೂ ಅಡ್ಡ ತಿರುಗುತ್ತದೆ. ಗಾಡಿ ಅಲ್ಲೇ ಮುಗ್ಗರಿಸುತ್ತದೆ.

ಚಕ್ರವನ್ನು ಬೇಗ ಬಿಚ್ಚಿ ಹಾಕಲು ಕೆಲವು ಗಾಡಿಗಳಲ್ಲಿ ಸೈಕಲಿನಂತೆ ಒಂದು ಲಿವರ್ ಇರುತ್ತದೆ, ಕ್ವಿಕ್ ರಿಲೀಸ್ ಅನ್ನುತ್ತಾರೆ. ಡಿಕ್ಕಿಗೆ ತುಂಬಲು ಅನುಕೂಲವೇ. ಆದರೆ ಲಿವರ್ ಸರಿಯಾಗಿ ಕೂರದಿದ್ದರೆ ದಾರಿಯಲ್ಲೇ ಚಕ್ರ ಕಳಚುತ್ತದೆ. 2018ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಇದೇ ಕಾರಣಕ್ಕೆ ಒಂದು ಜಾಗಿಂಗ್ ಸ್ಟ್ರಾಲರ್ ವಿರುದ್ಧ ಕ್ರಮಕ್ಕೆ ಇಳಿದಿತ್ತು. ನಡೆಯುತ್ತಿದ್ದಾಗ ಮುಂದಿನ ಚಕ್ರ ಬಿಟ್ಟುಬಂದು ಮಕ್ಕಳಿಗೂ ದೊಡ್ಡವರಿಗೂ ಪೆಟ್ಟಾಗಿತ್ತು. ಹಾಗಾಗಿ ಒಂದು ಅಭ್ಯಾಸ ಬೆಳೆಸಿಕೊಳ್ಳಿ. ಮಗುವನ್ನು ಕೂರಿಸುವ ಮುಂಚೆ, ಪ್ರತಿ ಸಲ, ಗಾಡಿಯ ಮುಂಭಾಗ ಎತ್ತಿ ಚಕ್ರವನ್ನು ಕೆಳಕ್ಕೆ ಒಮ್ಮೆ ಜಗ್ಗಿ ನೋಡಿ. ಎರಡು ಸೆಕೆಂಡಿನ ಕೆಲಸ.

ಹಂತ 5: ಬ್ರೇಕು, ಬೆಲ್ಟು, ಹಿಡಿ

ನಿಲ್ಲಿಸಲು ಕಾಲಿನಿಂದ ಒತ್ತುವ ಬ್ರೇಕು ಎಲ್ಲದರಲ್ಲೂ ಇರುತ್ತದೆ. ಒಂದೇ ಒತ್ತಿಗೆ ಹಿಂದಿನ ಎರಡೂ ಚಕ್ರ ನಿಲ್ಲಬೇಕು. ಚಪ್ಪಲಿ ಹಾಕಿಕೊಂಡೇ ಒತ್ತಿ ನೋಡಿ. ಕೆಲವು ಬ್ರೇಕುಗಳನ್ನು ಬಿಡಿಸಲು ಪಾದದ ಮೇಲ್ಭಾಗದಿಂದ ಎತ್ತಬೇಕು, ಬರಿಗಾಲಿಗೂ ಹವಾಯಿ ಚಪ್ಪಲಿಗೂ ನೋವಾಗುತ್ತದೆ. ಕಡಿದಾದ ರ್ಯಾಂಪ್ ಇರುವವರಿಗೆ, ಮಡಿಕೇರಿ, ಚಿಕ್ಕಮಗಳೂರಿನಂಥ ಏರುತಗ್ಗಿನ ಊರಿನವರಿಗೆ, ಓಡುವವರಿಗೆ ಕೈ ಬ್ರೇಕು ಕೂಡ ಬೇಕು. ಜೊತೆಗೆ ಮಣಿಕಟ್ಟಿಗೆ ಹಾಕಿಕೊಳ್ಳುವ ಪಟ್ಟಿ. ಕೈ ಜಾರಿದರೂ ಗಾಡಿ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ.

ಬೆಲ್ಟು ಐದು ಕಡೆಯದೇ ಇರಲಿ: ಎರಡು ಭುಜ, ಸೊಂಟದ ಎರಡು ಪಕ್ಕ, ಕಾಲಿನ ನಡುವೆ ಒಂದು. ಬರೀ ಸೊಂಟದ ಪಟ್ಟಿ ಇದ್ದರೆ ಗಾಡಿ ಮುಗ್ಗರಿಸಿದಾಗ ಮಗು ಮುಂದಕ್ಕೆ ಹಾರುತ್ತದೆ. "ಇಲ್ಲೇ ಗೇಟಿನ ತನಕ ತಾನೇ" ಅಂತ ಬೆಲ್ಟ್ ಹಾಕದೆ ಹೊರಡಬೇಡಿ.

ಹಿಡಿಯ ಎತ್ತರ ಬದಲಾಯಿಸಲು ಬರಬೇಕು. ಗಂಡ ಆರಡಿ, ಹೆಂಡತಿ ಐದಡಿ ಇರುವ ಮನೆಗಳೇ ಜಾಸ್ತಿ ಅಲ್ವಾ. ಹಿಡಿ ಹೊಕ್ಕುಳ ಮಟ್ಟದಲ್ಲಿ, ಮೊಣಕೈ ಸ್ವಲ್ಪ ಬಾಗಿರುವಂತೆ ಇದ್ದರೆ ಬೆನ್ನು ನೋಯುವುದಿಲ್ಲ. ನಡೆಯುವಾಗ ಹೆಜ್ಜೆ ಹಿಂದಿನ ಅಚ್ಚಿಗೆ, ಅಂದರೆ ಚಕ್ರಗಳನ್ನು ಸೇರಿಸುವ ಕಂಬಿಗೆ ಬಡಿಯಬಾರದು.

ಗುಣಮಟ್ಟದ ಗುರುತಿಗೆ ಗಾಡಿಯ ಚೌಕಟ್ಟಿಗೆ ಅಂಟಿಸಿದ ಚೀಟಿ ನೋಡಿ. ಯುರೋಪಿನ ಇಎನ್ 1888 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್833 ಅಂತ ಇರಬೇಕು. ಇಎನ್ 1888ರ ಮೊದಲ ಭಾಗ 15 ಕೆ.ಜಿ.ವರೆಗಿನ ಮಗುವಿಗೆ, ಎರಡನೇ ಭಾಗ 22 ಕೆ.ಜಿ.ವರೆಗೆ. "ಇಂಪೋರ್ಟೆಡ್" ಅನ್ನುವ ಒಂದು ಮಾತಿಗಿಂತ ಈ ಅಂಕಿಗೆ ಬೆಲೆ ಹೆಚ್ಚು.

ಹಂತ 6: ಅಂಗಡಿಯಲ್ಲಿ ಅಕ್ಕಿ ಚೀಲದ ಪರೀಕ್ಷೆ

ಖಾಲಿ ಗಾಡಿ ಅಂಗಡಿಯ ನುಣುಪು ನೆಲದ ಮೇಲೆ ಎಲ್ಲರಿಗೂ ಇಷ್ಟವಾಗುತ್ತದೆ. ಅದಕ್ಕೇ ಅಕ್ಕಿ ಚೀಲ. ಐದು ಕೆ.ಜಿ.ಯ ಎರಡು ಚೀಲ ಒಂದರ ಮೇಲೊಂದು ಇಟ್ಟು ಬೆಲ್ಟ್ ಹಾಕಿ. ಹೆಚ್ಚುಕಡಿಮೆ ಒಂದು ವರ್ಷದ ಮಗುವಿನ ತೂಕ. ಅಂಗಡಿಯವರಿಗೆ ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ.

ಮೊದಲು ಒಂದೇ ಕೈಯಲ್ಲಿ ಎಂಟರ ಆಕಾರದಲ್ಲಿ ತಳ್ಳಿ. ಇನ್ನೊಂದು ಕೈಯಲ್ಲಿ ಫೋನು, ಕೊಡೆ, ದೊಡ್ಡ ಮಗುವಿನ ಕೈ ಏನಾದರೂ ಇದ್ದೇ ಇರುತ್ತದೆ. ಗಾಡಿ ಒಂದು ಕಡೆಗೇ ಎಳೆಯಬಾರದು.

ಆಮೇಲೆ ಹೊರಗೆ ತನ್ನಿ. ಅಂಗಡಿಯ ಮುಂದಿನ ಮೆಟ್ಟಿಲೋ ಫುಟ್‌ಪಾತಿನ ಅಂಚೋ ಸಾಕು. ಹಿಡಿಯನ್ನು ಕೆಳಕ್ಕೆ ಒತ್ತಿ. ಮುಂದಿನ ಚಕ್ರ ಸಲೀಸಾಗಿ ಏಳಬೇಕು. ಎರಡೂ ಕೈಯ ಬಲ ಹಾಕಿ ನೇತಾಡಬೇಕಾಗಿ ಬಂದರೆ ಆ ಗಾಡಿ ಬೇಡ. ದಿನಕ್ಕೆ ಇಪ್ಪತ್ತು ಸಲ ಮಾಡುವ ಕೆಲಸ ಇದು. ಈಗ ಇಳಿಸಿ. ನೀವು ಮೊದಲು ಇಳಿದು, ಗಾಡಿಯನ್ನು ಹಿಮ್ಮುಖವಾಗಿ, ಹಿಂದಿನ ಎರಡೂ ಚಕ್ರ ಒಟ್ಟಿಗೇ ಅಂಚಿನಿಂದ ಜಾರುವಂತೆ ಇಳಿಸಬೇಕು. ಓರೆಯಾಗಿ ಇಳಿಸುವುದು ಬೇಡ ಅಂತ ಮೊದಲೇ ಹೇಳಿದೆನಲ್ಲ, ಅದು ಯಾಕೆ ಅಂತ ನೀವೇ ನೋಡಿ. ಒಬ್ಬರು ಮುಂದೆ ನಿಂತು ಹಿಡಿದುಕೊಂಡಿರಲಿ. ಗಾಡಿಯ ಮುಂದಿನ ಮೂಲೆಯನ್ನು ನಿಧಾನವಾಗಿ ಕೆಳಕ್ಕೆ ಒತ್ತಿ. ಒಂದು ಹಿಂದಿನ ಚಕ್ರ ನೆಲ ಬಿಡುತ್ತದೆ, ಅಕ್ಕಿ ಚೀಲ ಬೆಲ್ಟಿನ ಮೇಲೆ ಭಾರ ಬಿಟ್ಟು ವಾಲುತ್ತದೆ. ಎಷ್ಟು ಸುಲಭವಾಗಿ ಬಿಡುತ್ತದೆ ಅನ್ನುವುದು ಗಾಡಿಯಿಂದ ಗಾಡಿಗೆ ಬೇರೆ. ಸೀಟು ತಗ್ಗಿನಲ್ಲಿದ್ದು, ಹಿಂದಿನ ಚಕ್ರಗಳ ಹತ್ತಿರಕ್ಕೆ ಇದ್ದರೆ ಗಟ್ಟಿ ನಿಲ್ಲುತ್ತದೆ. ಸೀಟು ಎತ್ತರದಲ್ಲಿ, ಮುಂದಕ್ಕೆ ಇದ್ದರೆ ಬೇಗ ಮಗುಚುತ್ತದೆ. ನೋಡಲು ಚೆಂದ ಅಂತ ಎತ್ತರದ ಸೀಟಿನದು ಆರಿಸುವವರು ಇದನ್ನು ತಪ್ಪದೆ ಮಾಡಿ.

ಕೊನೆಗೆ ಬ್ರೇಕ್ ಹಾಕಿ ಇಳಿಜಾರಿನಲ್ಲಿ ಬಿಟ್ಟು ಹಿಡಿಯ ಪಕ್ಕದಲ್ಲೇ ನಿಲ್ಲಿ. ಒಂದು ಅಂಗುಲವೂ ಜಾರಬಾರದು.

ಹಂತ 7: ಮಡಚಿ, ಎತ್ತಿ, ಡಿಕ್ಕಿಗೆ ಇಟ್ಟು ನೋಡಿ

ಅಂಗಡಿಯ ಹುಡುಗ ಮಡಚಿ ತೋರಿಸಿದರೆ ಸಾಲದು. ನೀವೇ ಮಡಚಿ, ನೀವೇ ಬಿಡಿಸಿ. ಐದು ಸಲ. ಆಮೇಲೆ ಎತ್ತಿ ಹತ್ತು ಹೆಜ್ಜೆ ನಡೆದು ಕಾರಿನ ಡಿಕ್ಕಿಯಲ್ಲಿ ಇಡಿ. ಸಿಸೇರಿಯನ್ ಆಗಿ ಕೆಲವೇ ವಾರ ಆಗಿದ್ದರೆ ಈ ಪರೀಕ್ಷೆಯನ್ನು ಬೇರೆಯವರೇ ಮಾಡಲಿ, ಭಾರ ಎತ್ತಬೇಡಿ.

ಮಡಚುವ ಸಂದಿಗಳಲ್ಲಿ ಕತ್ತರಿಯಂತೆ ಕೂಡುವ ಜಾಗ ಇರುತ್ತದೆ. 2009ರಲ್ಲಿ ಅಮೆರಿಕದಲ್ಲಿ ಸುಮಾರು 10 ಲಕ್ಷ ಸ್ಟ್ರಾಲರ್‌ಗಳನ್ನು ಇದೇ ಕಾರಣಕ್ಕೆ ಹಿಂದಕ್ಕೆ ಕರೆಸಿದ್ದರು. ಆ ಸಂದಿಗೆ ಸಿಕ್ಕಿ 12 ಮಕ್ಕಳ ಬೆರಳ ತುದಿ ತುಂಡಾಗಿತ್ತು. ಸಂದಿಗಳ ಮೇಲೆ ಪ್ಲಾಸ್ಟಿಕ್ ಅಥವಾ ಬಟ್ಟೆಯ ಮುಚ್ಚಳ ಇರುವ ಗಾಡಿಯನ್ನೇ ಆರಿಸಿ. ಮಡಚುವಾಗ, ಬಿಡಿಸುವಾಗ ಮಕ್ಕಳು ಒಂದು ಮಾರು ದೂರ ಇರಲಿ. ಅಣ್ಣನೋ ಅಕ್ಕನೋ ಸಹಾಯಕ್ಕೆ ಅಂತ ಕೈ ಹಾಕುವುದು ಇದೇ ಹೊತ್ತಿನಲ್ಲಿ.

ಹಂತ 8: ದುಡ್ಡಿನ ಮಾತು

ಒಳ್ಳೆಯ ಮೂರು ಚಕ್ರದ ಗಾಡಿಗೆ ಸಾಮಾನ್ಯ ಸ್ಟ್ರಾಲರ್‌ನ ಎರಡು ಮೂರು ಪಟ್ಟು ಬೆಲೆ ಇರುತ್ತದೆ. ಅಷ್ಟು ಕೊಡುವ ಮುಂಚೆ ಒಂದು ತಿಂಗಳು ಬಾಡಿಗೆಗೆ ತಂದು ನೋಡಿ, ಬೆಂಗಳೂರಿನಲ್ಲಿ ಮಕ್ಕಳ ಸಾಮಾನು ಬಾಡಿಗೆಗೆ ಕೊಡುವವರು ಇದ್ದಾರೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವುದರಲ್ಲಿ ಸಂಕೋಚ ಬೇಡ. ಎರಡು ವರ್ಷ ಬಳಸಿ ಮಾರುವ ಸಾಮಾನು ಇದು. ಅಪಾರ್ಟ್‌ಮೆಂಟಿನ ವಾಟ್ಸ್‌ಆಪ್ ಗುಂಪಿನಲ್ಲಿ ಕೇಳಿದರೆ ಯಾರಾದರೂ ಕೊಡುವವರು ಸಿಗುತ್ತಾರೆ.

ಹಳೆಯದು ನೋಡುವಾಗ ನಾಲ್ಕು ಕಡೆ ಕೈ ಹಾಕಿ. ಬೆಲ್ಟಿನ ಬಕಲ್ ಕ್ಲಿಕ್ ಅಂತ ಕೂರಬೇಕು. ಮುಂದಿನ ಚಕ್ರದ ಫೋರ್ಕ್, ಅಂದರೆ ಚಕ್ರ ಹಿಡಿದ ಕವೆಯಲ್ಲಿ ಬಿರುಕು ಇರಬಾರದು. ಟಯರಿನ ರಬ್ಬರ್ ಒಣಗಿ ಸೀಳಿರಬಾರದು. ಮಂಗಳೂರು, ಕುಂದಾಪುರ, ಕಾರವಾರದ ಕಡೆಯ ಗಾಡಿಯಾದರೆ ಬೋಲ್ಟುಗಳನ್ನು ನೋಡಿ, ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಮಾಡೆಲ್ ಹೆಸರು, ತಯಾರಾದ ವರ್ಷ ಹಾಕಿ ಆ ಗಾಡಿಯನ್ನು ಕಂಪನಿ ಎಲ್ಲಾದರೂ ಹಿಂದಕ್ಕೆ ಕರೆಸಿದೆಯೇ ಅಂತ ಅಂತರ್ಜಾಲದಲ್ಲಿ ಹುಡುಕಿ. ಕೈಪಿಡಿ ಕಳೆದಿದ್ದರೆ ಕಂಪನಿಯ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ.

ಹಂತ 9: ಮನೆಗೆ ತಂದ ಮೇಲೆ

ಮೊದಲ ವಾರ ಮಗು ಇಲ್ಲದೆ ಅಕ್ಕಿ ಚೀಲದ ಜೊತೆಗೇ ಒಂದೆರಡು ಸುತ್ತು ಹಾಕಿ ಬನ್ನಿ. ಕೈಗೆ ಗಾಡಿಯ ಅಂದಾಜು ಸಿಗುತ್ತದೆ.

ಹಿಡಿಗೆ ಚೀಲ ತೂಗುಹಾಕುವುದು ಎಲ್ಲರೂ ಮಾಡುವ ತಪ್ಪು. ಮೂರು ಕೆ.ಜಿ. ತರಕಾರಿ ಹಿಡಿಯಲ್ಲಿ ನೇತಾಡುತ್ತಿರುವಾಗ ಮಗುವನ್ನು ಎತ್ತಿಕೊಂಡರೆ ಗಾಡಿ ಹಿಂದಕ್ಕೆ ಧಡ್ ಅಂತ ಬೀಳುತ್ತದೆ. ಮಗು ಸೀಟಿನಲ್ಲೇ ಇದ್ದು ಏರು ಹತ್ತುವಾಗಲೂ ಬೀಳಬಹುದು. ಸಾಮಾನು ಸೀಟಿನ ಕೆಳಗಿನ ಬುಟ್ಟಿಯಲ್ಲೇ ಇರಲಿ, ಅದರ ಮೇಲೆ ಬರೆದ ತೂಕದೊಳಗೆ.

ಬಿಸಿಲು ಅಂತ ಗಾಡಿಯ ಮೇಲೆ ಸೀರೆ, ಟವೆಲ್ಲು, ಹೊದಿಕೆ ಮುಚ್ಚಬೇಡಿ. ನೆರಳಾಗುತ್ತದೆ ಅಂತ ನಮಗೆ ಅನ್ನಿಸುತ್ತದೆ. ಒಳಗೆ ಗಾಳಿ ಆಡದೆ ಕಾವು ಏರುತ್ತದೆ, ಮಗು ನಮ್ಮ ಕಣ್ಣಿಗೆ ಕಾಣುವುದೂ ಇಲ್ಲ. ಗಾಡಿಯ ಸ್ವಂತ ಮಡಚುಕೊಡೆ ಸಾಕು. ಸೊಳ್ಳೆ ಪರದೆ ಹಾಕಬಹುದು. ಮಳೆಯ ಪ್ಲಾಸ್ಟಿಕ್ ಹೊದಿಕೆಗೆ ಗಾಳಿ ತೂತು ಇರಬೇಕು, ಸೂರಿನ ಕೆಳಗೆ ಬಂದ ತಕ್ಷಣ ತೆಗೆಯಬೇಕು. ಮಲೆನಾಡು, ಕರಾವಳಿಯವರು ಒದ್ದೆ ಗಾಡಿಯನ್ನು ಮಡಚಿ ಇಡಬೇಡಿ, ಎರಡೇ ದಿನದಲ್ಲಿ ಬಟ್ಟೆಗೆ ಬೂಷ್ಟು ಬರುತ್ತದೆ.

ರಸ್ತೆ ಬದಿಯಲ್ಲಿ ಮಗುವಿನ ಮೂಗು ವಾಹನಗಳ ಹೊಗೆ ಕೊಳವೆಯ ಮಟ್ಟದಲ್ಲೇ ಇರುತ್ತದೆ. ಸಿಗ್ನಲ್ಲಿನಲ್ಲಿ ನಿಲ್ಲುವಾಗ ಎರಡು ಮೂರು ಹೆಜ್ಜೆ ಹಿಂದೆಯೇ ನಿಲ್ಲಿ. ಸಾಧ್ಯವಾದರೆ ಒಳ ರಸ್ತೆ ಹಿಡಿಯಿರಿ, ಐದು ನಿಮಿಷ ಜಾಸ್ತಿಯಾದರೂ ಪರವಾಗಿಲ್ಲ.

ನಮ್ಮ ಮೆಟ್ರೋದಲ್ಲಿ ಲಿಫ್ಟಿನಲ್ಲೇ ಹತ್ತಿಳಿಯಿರಿ, ವ್ಹೀಲ್‌ಚೇರ್‌ಗೆ ಅಂತ ಇರುವ ಅಗಲದ ಗೇಟು ಕೇಳಿ. ಎಸ್ಕಲೇಟರ್ ಮೇಲೆ ಮಗು ಇರುವ ಗಾಡಿ ಹತ್ತಿಸಬೇಡಿ, ಅಕ್ಕಪಕ್ಕದವರು ಹತ್ತಿಸುತ್ತಿದ್ದರೂ. ಪ್ಲಾಟ್‌ಫಾರ್ಮಿನಲ್ಲಿ ಗಾಡಿಯ ಮುಖ ಹಳಿಯ ಕಡೆ ಇರುವುದು ಬೇಡ. ಹಳಿಗೆ ಸಮಾನಾಂತರವಾಗಿ ನಿಲ್ಲಿಸಿ, ಬ್ರೇಕ್ ಹಾಕಿ, ಆಮೇಲೂ ಒಂದು ಕೈ ಹಿಡಿಯ ಮೇಲೇ ಇರಲಿ.

ತಿಂಗಳಿಗೊಮ್ಮೆ ಚಕ್ರ ಬಿಚ್ಚಿ ಅಚ್ಚಿಗೆ ಸುತ್ತಿಕೊಂಡ ಕೂದಲು, ದಾರ, ಕೆಮ್ಮಣ್ಣು ತೆಗೆಯಿರಿ. ಕಿರ್ ಅಂತ ಸದ್ದು ಬಂದರೆ ಕೊಬ್ಬರಿ ಎಣ್ಣೆ ಹಾಕಬೇಡಿ. ಅದು ಧೂಳನ್ನು ಹಿಡಿದುಕೊಂಡು ಅಂಟಾಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಸ್ಪ್ರೇ ಒಂದು ಚಿಟಿಕೆ ಸಾಕು.

ಕೆಲವು ವಾರಗಳ ನಂತರ ಗಾಡಿ ಎಡಕ್ಕೋ ಬಲಕ್ಕೋ ಎಳೆಯಲು ಶುರು ಮಾಡಿದರೆ ಗಾಬರಿ ಬೇಡ. ಮೊದಲು ಹಿಂದಿನ ಎರಡೂ ಟಯರಿನ ಗಾಳಿ ಸಮ ಇದೆಯಾ ನೋಡಿ. ಅರ್ಧಕ್ಕರ್ಧ ಸಲ ಅಲ್ಲೇ ಸರಿಹೋಗುತ್ತದೆ. ಆಮೇಲೆ ಮುಂದಿನ ಚಕ್ರ ಕವೆಯಲ್ಲಿ ನೇರವಾಗಿ ಕೂತಿದೆಯಾ ಅಂತ ಬಿಚ್ಚಿ ಮತ್ತೆ ಹಾಕಿ. ಅದಕ್ಕೂ ಬಗ್ಗದಿದ್ದರೆ ಮುಂದಿನ ಚಕ್ರದ ಪಕ್ಕದಲ್ಲಿ, ಅದನ್ನು ನೇರ ಮಾಡಲು ತಿರುಗಿಸುವ ಒಂದು ಸಣ್ಣ ಗುಂಡಿ ಇದೆಯಾ ಹುಡುಕಿ, ಓಡುವ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಚಕ್ರವನ್ನು ನೇರಕ್ಕೆ ಲಾಕ್ ಮಾಡಿ, ಮಟ್ಟಸ ನೆಲದಲ್ಲಿ ಹತ್ತು ಹೆಜ್ಜೆ ತಳ್ಳಿ ಕೈ ಬಿಟ್ಟು ನೋಡಿ, ಗುಂಡಿಯನ್ನು ಕಾಲು ಸುತ್ತು ತಿರುಗಿಸಿ, ಮತ್ತೆ ತಳ್ಳಿ ನೋಡಿ. ನಾಲ್ಕೈದು ಸಲದಲ್ಲಿ ನೇರಕ್ಕೆ ಬರುತ್ತದೆ. ಇದನ್ನೂ ಅಕ್ಕಿ ಚೀಲ ಇಟ್ಟುಕೊಂಡೇ ಮಾಡಿ.